ಕೊಚ್ಚಿ ಬಂದರಿನಲ್ಲಿ ಮಡಿಲಿಗೆ ಕೊಬ್ಬರಿ

ಕೊಚ್ಚಿಯಲ್ಲಿ ನಮ್ಮ ಹಡಗು ನಿಲ್ಲುವುದು ಒಂದು ಸಂಜೆ ಮಾತ್ರ. ಮಧ್ಯಾಹ್ನ ದಡಕ್ಕಿಳಿದವರು ಎಂಟೂವರೆಗೆಲ್ಲ ಮತ್ತೆ ಹಡಗಿನೊಳಗೆ ಇರಬೇಕು. ಅಷ್ಟರಲ್ಲಿ ಏನು ನೋಡಬಹುದು, ಎಲ್ಲಿ ಚಹಾ ಕುಡಿಯಬಹುದು, ಯಾವ ಬೀದಿಗೆ ಕಾಲಿಟ್ಟರೆ ಹೆಂಗಸರು ಹೊರಗೆ ಬರುವುದೇ ಇಲ್ಲ ಎಂಬುದನ್ನೆಲ್ಲ ಯೋಚಿಸಿ ಸಂಜೆಯನ್ನು ಹೊಂದಿಸುವುದು ನನ್ನ ಕೆಲಸ. ತಿಪಟೂರಿನ ಎಪಿಎಂಸಿ ಯಾರ್ಡಿನ ಎದುರು, ಗೊಬ್ಬರದಂಗಡಿಯ ಮಹಡಿಯ ಮೇಲೆ ನನ್ನ ಆಫೀಸು. ಮುಂಬೈಯಲ್ಲಿ ಹಡಗು ಹತ್ತಿ ಗೋವಾ, ಕೊಚ್ಚಿ ಮುಟ್ಟಿ ವಾಪಸಾಗುವ ಆ ಪ್ರವಾಸಕ್ಕೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೋಟದವರು, ಮಂಡಿಯವರು, ಅಂಗಡಿಯವರು ಸೇರಿ ಒಂದು ಬಸ್ಸು ತುಂಬುವಷ್ಟು ಜನ ಹೆಸರು ಕೊಟ್ಟಿದ್ದರು.

ಹೊರಡುವ ಮುಂಚೆ ಎಲ್ಲರನ್ನೂ ಆಫೀಸಿನಲ್ಲಿ ಕೂರಿಸಿ ನಿಯಮ ಹೇಳುವುದು ನನ್ನ ಪದ್ಧತಿ. ಮೊದಲನೆಯದು ಜೋಡಿಯ ನಿಯಮ. ದಡಕ್ಕಿಳಿದಾಗ ಪ್ರತಿಯೊಬ್ಬರೂ ಇನ್ನೊಬ್ಬರ ಮೇಲೆ ಕಣ್ಣಿಟ್ಟಿರಬೇಕು, ಜೋಡಿಯನ್ನು ಬಿಟ್ಟು ಬಸ್ಸು ಹತ್ತಬಾರದು. ಗಂಡ ಹೆಂಡತಿಯನ್ನು ಮಾತ್ರ ನಾನು ಜೋಡಿ ಮಾಡುವುದಿಲ್ಲ. ಒಬ್ಬರನ್ನೊಬ್ಬರು ನೋಡುವುದನ್ನು ಬಿಟ್ಟು ಅವರಿಗೆ ಎಷ್ಟೋ ವರ್ಷವಾಗಿರುತ್ತದೆ. ಎರಡನೆಯದು ಹೊತ್ತಿನ ನಿಯಮ. ಹಡಗಿನವರೇ ಏರ್ಪಡಿಸಿದ ಬಸ್ಸಿನಲ್ಲಿ ಹೋದವರು ತಡವಾದರೆ ಹಡಗು ಕಾಯುತ್ತದೆ. ನಾವು ಹೊರಗಿನ ಬಸ್ಸು ಮಾಡಿಕೊಂಡು ಹೋಗುವವರು, ನಮಗೆ ಯಾರೂ ಕಾಯುವುದಿಲ್ಲ. ಮೂರನೆಯ ನಿಯಮ ಕೇಳಿದೊಡನೆ ಆಫೀಸು ಗೊಳ್ಳೆಂದಿತು.

"ಯಾರೂ ಬ್ಯಾಗಲ್ಲಿ ಕೊಬ್ಬರಿ ಇಟ್ಕೊಂಡು ಬರಬೇಡಿ" ಎಂದಿದ್ದೆ, ಅಷ್ಟೇ.

"ಕೊಬ್ಬರಿ ಇಲ್ದೆ ಹೋದ್ರೆ ನಮ್ಮನ್ನ ತಿಪಟೂರು ಕಡೆಯೋರು ಅಂತ ಯಾರ್ ಮೇಡಂ ನಂಬ್ತಾರೆ?" ಎಂದರು ಸಂಪಿಗೆ ಊರಿನ ತೋಟದವರೊಬ್ಬರು. ಬಾಯಿಗೆ ಬಿಡುವು ಕೊಟ್ಟು ಗೊತ್ತಿಲ್ಲದ ಮನುಷ್ಯ.

ಹೊರಗಿನ ತಿಂಡಿಯನ್ನೇ ಹಡಗಿನವರು ಬಿಡುವುದಿಲ್ಲ, ಅದರಲ್ಲೂ ಕೊಬ್ಬರಿ ಎಣ್ಣೆ ಪದಾರ್ಥ, ಒತ್ತಾಗಿ ಇಟ್ಟರೆ ತಾನಾಗಿ ಕಾದು ಹೊತ್ತಿಕೊಳ್ಳಬಹುದು ಎಂದು ಅವರಿಗೆ ಭಯ ಎಂದು ವಿವರಿಸಿದೆ. ಮೂಲೆಯಲ್ಲಿ ಕೈಕಟ್ಟಿ ಕೂತಿದ್ದ ಮಂಡಿ ಯಜಮಾನರಿಗೆ ಇದು ಹಿಡಿಸಲಿಲ್ಲ. ಹಂದನಕೆರೆಯವರು, ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟವರು. ಹಣೆಯ ಮೇಲೆ ಮೂರು ಬೆರಳು ವಿಭೂತಿ, ಮಾತು ಕಡಿಮೆ. ಅಟ್ಟದ ಮೇಲಿನ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಕೊಬ್ಬರಿ ಕರಟ ಬಿಟ್ಟಿದೆಯೋ ಇಲ್ಲವೋ ಹೇಳುವುದರಲ್ಲಿ ಅವರದು ದೊಡ್ಡ ಹೆಸರು.

"ನಮ್ಮ ಅಟ್ಟದ ಮ್ಯಾಲೆ ವರ್ಷಾನುಗಟ್ಲೆ ಇರ್ತದೆ" ಎಂದರು. "ಒಂದಿನ ಹೊಗೆ ಆಡಿದ್ದು ಕಂಡಿಲ್ಲ ನಾನು. ಇವ್ರ ಹಡಗಲ್ಲಿ ಮಾತ್ರ ಹತ್ಕೊಂಡುಬುಡ್ತದಾ?"

"ಅದನ್ನ ಹಡಗಿನೋರಿಗೇ ಕೇಳಿ ಯಜಮಾನ್ರೇ" ಎಂದು ಸಭೆ ಮುಗಿಸಿದೆ.

ಎಲ್ಲರೂ ಮೆಟ್ಟಿಲಿಳಿದು ಹೋದ ಮೇಲೆ ಯಜಮಾನರ ಹೆಂಡತಿ ಮಾತ್ರ ಉಳಿದರು. ನಾನು ಅವರನ್ನು ಅಕ್ಕ ಎನ್ನುತ್ತೇನೆ. ಕುರ್ಚಿಯನ್ನು ನನ್ನ ಮೇಜಿನ ಹತ್ತಿರಕ್ಕೆ ಎಳೆದುಕೊಂಡು, "ಕೊಚ್ಚೀಲಿ ನಮ್ಮ ನಾದಿನಿ ಅವ್ಳೆ ಕಣಮ್ಮ" ಎಂದರು.

ಕಥೆ ಇಷ್ಟು. ನಾದಿನಿ ಎಂದರೆ ಯಜಮಾನರ ಒಬ್ಬಳೇ ತಂಗಿ. ಗಂಡನ ಕೆಲಸದ ಸಲುವಾಗಿ ಕೊಚ್ಚಿಯಲ್ಲಿ ಸಂಸಾರ. ತಂದೆ ತೀರಿಕೊಂಡ ಮೇಲೆ ಅವಳು ಹಂದನಕೆರೆಯ ತೋಟದಲ್ಲಿ ತನ್ನ ಪಾಲು ಕೇಳಿದಳು. ಅಣ್ಣ ಒಂದು ಮಾತೂ ಆಡದೆ ರುಜು ಹಾಕಿದರು, ಬಾವಿಯ ಕಡೆಯ ಎರಡು ಸಾಲು ಮರ ಅವಳ ಹೆಸರಿಗಾಯಿತು. ಆವತ್ತೇ ಮಾತೂ ನಿಂತಿತು. ಅಣ್ಣ ತಂಗಿಯ ಮನೆಗೆ ಹೋಗಲಿಲ್ಲ, ತಂಗಿ ಅಣ್ಣನ ಹೊಸಲು ತುಳಿಯಲಿಲ್ಲ. ತವರಿಂದ ಹೋಗುತ್ತಿದ್ದ ಮಡಿಲಕ್ಕಿ, ಸೀರೆ, ಹಬ್ಬದ ಕರೆ ಎಲ್ಲಕ್ಕೂ ಕಲ್ಲು ಬಿತ್ತು. ಈಗ ಅವಳ ಮಗಳಿಗೆ ಮದುವೆ ಗೊತ್ತಾಗಿದೆ.

"ಹುಡುಗೀನ ಹಸೆಗೆ ಕರ್ಕೊಂಡ್ ಬರ್ಬೇಕಾದೋನು ಸೋದರಮಾವ" ಎಂದರು ಅಕ್ಕ. "ಇರೋನು ಒಬ್ಬನೇ. ಇವ್ರು ಹೋಗ್ದಿದ್ರೆ ಆ ಮಗೀನ ಕೈ ಯಾರು ಹಿಡೀತಾರೆ? ಪತ್ರಿಕೆ ಕೊಡೋಕೆ ನಿಮ್ಮ ಮನೆಗೆ ಬರಲ್ಲ ಅಂತಾಳೆ ಅವ್ಳು. ಅವ್ಳ ಮನೆಗೆ ಹೋಗಲ್ಲ ಅಂತಾರೆ ಇವ್ರು. ಬಂದರು ಯಾರ ಮನೇನೂ ಅಲ್ವಲ್ಲ. ಅಲ್ಲೇ ಅವಳ ಮಡಿಲು ತುಂಬಿ, ಪತ್ರಿಕೆ ಈಸ್ಕೊಂಡು ಬುಡೋದು ಅಂತ."

"ಯಜಮಾನ್ರಿಗೆ ಗೊತ್ತಾ?"

"ಗೊತ್ತಿದ್ರೆ ಹೆಸ್ರು ಕೊಡ್ತಿದ್ರಾ?"

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಜನರನ್ನು ಕರೆದುಕೊಂಡು ಹೋಗಿ ಕರೆತರುವುದು ನನ್ನ ಕೆಲಸ, ರಾಜಿ ಪಂಚಾಯ್ತಿ ಮಾಡುವುದಲ್ಲ ಎಂದು ಖಡಾಖಂಡಿತ ಹೇಳಿದೆ. ದಡದ ಮೇಲೆ ಒಬ್ಬರು ಮುನಿಸಿಕೊಂಡು ಎಲ್ಲಿಗಾದರೂ ನಡೆದುಬಿಟ್ಟರೆ ಇಡೀ ಬಸ್ಸಿಗೆ ಹಡಗು ತಪ್ಪುತ್ತದೆ ಎಂದೂ ಹೇಳಿದೆ. ಅಕ್ಕ ಎಲ್ಲವನ್ನೂ ಸಮಾಧಾನವಾಗಿ ಕೇಳಿಸಿಕೊಂಡರು.

"ನೀನೇನೂ ಮಾಡ್ಬೇಡ ಕಣಮ್ಮ. ಚಾ ಕುಡಿಯೋಕೆ ಬಸ್ಸು ಎಲ್ಲಿ ನಿಲ್ಲಿಸ್ತೀಯ, ಅದೊಂದು ಹೇಳು ಸಾಕು."

ತವರಿನ ಮಡಿಲಕ್ಕಿ ನಿಂತುಹೋದ ಹೆಂಗಸಿನ ಸಂಕಟ ಏನೆಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಚೀನಾ ಮೀನುಬಲೆಗಳಿರುವ ಕಡಲ ತೀರದ ಪಕ್ಕದ ಚಹಾ ಅಂಗಡಿಯ ಗುರುತು ಹೇಳಿದೆ.

ಮುಂಬೈಯಲ್ಲಿ ಹಡಗು ಹತ್ತುವಾಗ ಚೀಲಗಳು ಒಂದೊಂದಾಗಿ ಯಂತ್ರದೊಳಗೆ ಹೋದವು. ಪರದೆಯ ಮೇಲೆ ದುಂಡು ದುಂಡಾಗಿ ಏನೋ ಕಂಡು ಸೆಕ್ಯುರಿಟಿಯವನು ಗಾಬರಿಯಾಗಿ ಮೇಲಿನವರನ್ನು ಕರೆದ. ನಾನು ಅಷ್ಟು ಬಡಕೊಂಡರೂ ಅರ್ಧಕ್ಕರ್ಧ ಜನ ಕೊಬ್ಬರಿ ತಂದಿದ್ದರು. ಹಡಗಿನ ಅಡುಗೆಯವನಿಗೆ ಕೊಡಲು ಒಬ್ಬರು, ಹಸಿವಾದರೆ ಬೆಲ್ಲದ ಜೊತೆ ತಿನ್ನಲು ಇನ್ನೊಬ್ಬರು. ಮೇಜಿನ ಮೇಲೆ ಗುಡ್ಡೆ ಬಿತ್ತು. ಸಂಪಿಗೆಯವರ ಚೀಲವೊಂದರಲ್ಲೇ ಒಂದು ಅಂಗಡಿಗಾಗುವಷ್ಟಿತ್ತು.

"ಪ್ರವಾಸ ಮುಗಿದ ಮೇಲೆ ವಾಪಸ್ ಕೊಡ್ತಾರೆ, ಬಿಟ್ಟುಬಿಡಿ" ಎಂದು ಎಲ್ಲರನ್ನೂ ಮುಂದೆ ತಳ್ಳಿದೆ. ಕಡೆಗೆ ಬಂದದ್ದು ಅಕ್ಕನ ಚೀಲ. ಹೊಸ ರವಿಕೆ ಕಣದಲ್ಲಿ ಸುತ್ತಿಟ್ಟಿದ್ದ ಎರಡು ಗಿಟುಕು ಕೊಬ್ಬರಿಯನ್ನು ಸೆಕ್ಯುರಿಟಿಯವನು ಗುಡ್ಡೆಯ ಮೇಲೆ ಇಟ್ಟ. ಪುಟ್ಟ ಗಂಟಿನಲ್ಲಿದ್ದ ಅಕ್ಕಿಯನ್ನು ನೋಡಿ, ಹಸಿ ಅಕ್ಕಿ ಯಾರು ತಿಂತಾರೆ ಎಂದುಕೊಂಡನೋ ಏನೋ, ಹಾಗೇ ಬಿಟ್ಟ. ಅಕ್ಕನ ಮುಖ ಇಷ್ಟಗಲವಾಗಿದ್ದದ್ದು ಚಿಕ್ಕದಾಯಿತು. ಆದರೆ ಗಂಡ ಮುಂದೆ ನಿಂತಿದ್ದರಿಂದ ತುಟಿ ಬಿಚ್ಚಲಿಲ್ಲ.

ಹಡಗಿನ ಮೇಲೆ ನಮ್ಮವರು ಆರಾಮವಾಗಿದ್ದರು. ಡೆಕ್ಕಿನ ಮೇಲೆ ನಿಂತು ಸುತ್ತಲೂ ಬರೀ ನೀರನ್ನು ನೋಡಿ ಸಂಪಿಗೆಯವರು, "ನಮ್ಮ ಬೋರನಕಣಿವೆ ಡ್ಯಾಮು ತುಂಬ್ದಾಗ ಹಿಂಗೇ ಕಾಣ್ತದೆ ಬುಡಿ" ಎಂದರು. ಯಜಮಾನರು ಅವರ ಜೋಡಿ. ಅವರು ಕಡಲನ್ನೇ ನೋಡುತ್ತಿದ್ದರು.

ಕೊಚ್ಚಿಗೆ ಹಡಗು ತಡವಾಗಿ ಬಂತು. ಬಂದರಿನೊಳಕ್ಕೆ ದಾರಿ ತೋರಿಸಿ ಕರೆತರುವ ಪೈಲಟ್ಟಿಗಾಗಿ ಹೊರಗಡೆಯೇ ಕಾಯಬೇಕಾಯಿತು. ನಾವು ಗ್ಯಾಂಗ್‌ವೇ ಎಂಬ ಏಣಿಮೆಟ್ಟಿಲು ಇಳಿದು, ಹಡಗಿನವರು ಕೊಟ್ಟ ಕಾರ್ಡು ತೋರಿಸಿ, ಬಸ್ಸಿನಲ್ಲಿ ಕೂರುವ ಹೊತ್ತಿಗೆ ಬಿಸಿಲು ಇಳಿಯುತ್ತಿತ್ತು. ಹೋಗುವ ಹೊತ್ತು ಕಡಿಮೆಯಾಯಿತೇ ಹೊರತು ಬರುವ ಹೊತ್ತು ಅದೇ ಎಂಟೂವರೆ. ನಾನು ಹೊಂದಿಸಿದ ಸಂಜೆಯಲ್ಲಿ ಬಲೆಗಳ ತೀರ, ಚಹಾ, ಕಥಕಳಿ, ಆಮೇಲೆ ಮಟ್ಟಾಂಚೇರಿಯ ಹಳೇ ಬಜಾರು ಎಂದಿತ್ತು. ಕಥಕಳಿಯನ್ನು ಅಲ್ಲೇ ಕೈಬಿಟ್ಟೆ.

ಬಸ್ಸು ಹೊರಡುವಾಗ ಅಕ್ಕ ನನ್ನ ಪಕ್ಕಕ್ಕೆ ಬಂದು ಕೂತು ಪಿಸುಗುಟ್ಟಿದರು. "ಕೊಬ್ಬರಿ ಇಲ್ದೆ ಮಡಿಲು ತುಂಬೋದು ಹೆಂಗೆ ಕಣಮ್ಮ? ಕೊಬ್ಬರಿ ಸೀಮೆಯಿಂದ ಬಂದು ಬರೀ ಅಕ್ಕಿ ಹಾಕ್ಲಾ? ಇದಕ್ಕಿಂತ ಬರ್ದೆ ಇದ್ದಿದ್ರೇ ವಾಸಿ ಅಂತಾಳೆ ಅವ್ಳು."

ಚಹಾಕ್ಕೆ ಮುಂಚೆ ಕೊಬ್ಬರಿ ಸಿಗಬೇಕಾದರೆ ಮೊದಲು ಬಜಾರಿಗೇ ಹೋಗಬೇಕು. ಸೂರ್ಯ ಮುಳುಗುವುದು ಬಲೆಗಳ ಹತ್ತಿರ ಕಾಣದೆ ಹೋಗಬಹುದು ಎಂಬ ಅಳುಕಿತ್ತು. ಆದರೂ ಡ್ರೈವರನಿಗೆ ಬಜಾರಿನ ಕಡೆ ತಿರುಗಿಸಲು ಹೇಳಿದೆ. ಬೈಸಿಕೊಳ್ಳಲು ತಯಾರಾಗಿ ಕೂತೆ. ಯಾರೂ ಬೈಯಲಿಲ್ಲ. ಬೈಯಲು ಅವರಿಗೆ ಪುರುಸೊತ್ತೇ ಇರಲಿಲ್ಲ. ಸೇತುವೆ ನೋಡಿ, ಹಡಗು ಕಟ್ಟೆ ನೋಡಿ ಎಂದು ನಾನು ಮೈಕಿನಲ್ಲಿ ಕೂಗುತ್ತಿದ್ದರೆ ಇಡೀ ಬಸ್ಸು ಕಿಟಕಿಗೆ ಮುಖ ಹಚ್ಚಿ ತೆಂಗಿನಮರ ನೋಡುತ್ತಿತ್ತು.

"ನುಸಿ ಹತ್ತೈತೆ ಕಣ್ರೀ, ಕಾಯಿ ನೋಡಿ ಹೆಂಗೆ ಸುಕ್ಕು ಬಿದ್ದವೆ."

"ಗೊನೆ ಪರವಾಗಿಲ್ಲ ಬುಡಿ. ನೀರಿಗೇನು ಬರ ಇವ್ರಿಗೆ."

ನನಗೆ ನಗು ಬಂತು. ಇಷ್ಟು ದೂರ ಕಡಲಿನ ಮೇಲೆ ಬಂದು ಇವರು ನೋಡುತ್ತಿರುವುದು ಮನೆ ಹಿತ್ತಿಲಿನಲ್ಲಿರುವುದನ್ನೇ.

ಮಟ್ಟಾಂಚೇರಿಯ ಬಜಾರು ಬೀದಿ ಕಿರಿದು. ಎರಡೂ ಕಡೆ ಹಳೇ ಗೋದಾಮುಗಳು, ಶುಂಠಿ ಮೆಣಸಿನ ಘಾಟು. ಒಂದು ಬದಿಯ ಗೋದಾಮುಗಳ ಹಿಂದೆಯೇ ನೀರು. ಎಲ್ಲರನ್ನೂ ಜೋಡಿ ಮಾಡಿ ಬಿಟ್ಟು, ಅಕ್ಕನನ್ನು ಕರೆದುಕೊಂಡು ದಿನಸಿ ಅಂಗಡಿಗಳನ್ನು ಹುಡುಕುತ್ತ ಹೋದೆ. ಮೊದಲ ಅಂಗಡಿಯವನು ಕೊಬ್ಬರಿ ಇಲ್ಲ ಎಂದ. ಎರಡನೆಯವನು ಎಣ್ಣೆ ಬಾಟಲಿ ತೋರಿಸಿದ. ಮೂರನೆಯ ಅಂಗಡಿಯಲ್ಲಿ ಗೋಣಿಚೀಲದ ತುಂಬ ಕೊಬ್ಬರಿ ಹೋಳುಗಳಿದ್ದವು. ಅಂಚು ಕಪ್ಪಾಗಿ, ಮುಟ್ಟಿದರೆ ಬೆರಳಿಗೆ ಜಿಡ್ಡು ಹತ್ತುತ್ತಿತ್ತು. ಅಕ್ಕ ಮುಖ ಸಿಂಡರಿಸಿದರು, ಆದರೆ ಬೇರೆ ದಾರಿ ಕಾಣದೆ ಅದರಲ್ಲೇ ಎರಡನ್ನು ಆರಿಸಿ ಕೈಗೆತ್ತಿಕೊಂಡರು.

ಹಿಂದಿನಿಂದ ಯಜಮಾನರ ಧ್ವನಿ ಬಂತು. "ಏನಕ್ಕೇ ಅದು?"

ಕೊಬ್ಬರಿಯ ವಾಸನೆ ಹಿಡಿದು ಬಂದಿದ್ದರು. ಕೊಬ್ಬರಿ ಇರುವ ಅಂಗಡಿಯನ್ನು ದಾಟಿ ಮುಂದೆ ಹೋಗುವುದು ಆ ಮನುಷ್ಯನಿಂದ ಆಗುವುದಿಲ್ಲ ಎಂದು ನನಗೆ ಹೊಳೆಯಬೇಕಿತ್ತು.

"ಮಡಿಲಿಗೆ" ಎಂದರು ಅಕ್ಕ.

"ಯಾರ ಮಡಿಲಿಗೆ?"

ಅಕ್ಕ ನನ್ನ ಮುಖ ನೋಡಿದರು. ಆಮೇಲೆ ನೇರವಾಗಿ ಗಂಡನ ಮುಖ ನೋಡಿದರು. "ನಿಮ್ಮ ತಂಗಿ ಮಡಿಲಿಗೆ. ಇವತ್ತು ಬತ್ತಾಳೆ. ಮಗಳ ಮದ್ವೆ, ಪತ್ರಿಕೆ ಕೊಡ್ತಾಳೆ."

ಯಜಮಾನರು ಅಂಗಡಿಯ ಮೆಟ್ಟಿಲಿಳಿದು, ಎರಡು ಗೋದಾಮುಗಳ ನಡುವಿನ ಸಂದಿಯಲ್ಲಿ ನಡೆದು, ನೀರಿನ ಅಂಚಿನ ಕಟ್ಟೆಯ ಮೇಲೆ ಬೆನ್ನು ಹಾಕಿ ನಿಂತುಬಿಟ್ಟರು. ಅಕ್ಕ ಕೊಬ್ಬರಿ ಹೋಳುಗಳನ್ನು ಚೀಲಕ್ಕೆ ವಾಪಸ್ ಹಾಕಿ, "ಮುಗೀತು ಬುಡು" ಎಂದು ಅಂಗಡಿಯ ಸ್ಟೂಲಿನ ಮೇಲೆ ಕುಸಿದು ಕೂತರು. ಕಣ್ಣು ತುಂಬಿತ್ತು.

ನನಗೆ ಎಲ್ಲರ ಮೇಲೂ ಕೋಪ ಬಂತು. ಹೇಳದೆ ಕೇಳದೆ ಕರೆತಂದ ಅಕ್ಕನ ಮೇಲೆ, ಬೆನ್ನು ಹಾಕಿ ನಿಂತ ಯಜಮಾನರ ಮೇಲೆ, ಚಹಾ ಅಂಗಡಿಯ ಗುರುತು ಕೊಟ್ಟು ನಿರುಮ್ಮಳವಾಗಿ ಕೂತ ನನ್ನ ಮೇಲೆ. ಈಗ ಇರುವುದು ಎರಡೇ ದಾರಿ. ಏನೂ ಗೊತ್ತಿಲ್ಲದವಳಂತೆ ಎಲ್ಲರನ್ನೂ ಬಸ್ಸು ಹತ್ತಿಸಿ ಬಲೆಗಳ ಹತ್ತಿರ ಕರೆದೊಯ್ದರೆ ತಂಗಿ ಅಲ್ಲಿ ಎದುರಾಗುತ್ತಾಳೆ, ಇವರು ಎಲ್ಲರ ಮುಂದೆ ಅವಳಿಗೆ ಬೆನ್ನು ಹಾಕುತ್ತಾರೆ. ಆ ಹೆಣ್ಣುಮಗಳು ಪತ್ರಿಕೆ ಹಿಡಿದುಕೊಂಡು ಬೀದಿಯಲ್ಲಿ ನಿಲ್ಲುತ್ತಾಳೆ. ಅದನ್ನು ನಾನು ನೋಡಲಾರೆ ಅನ್ನಿಸಿತು. ಉಳಿದದ್ದು ಯಜಮಾನರನ್ನೇ ನೇರವಾಗಿ ಕೇಳುವ ದಾರಿ. ಸಂದಿಯೊಳಗೆ ನಡೆದು ಹೋಗಿ ಯಜಮಾನರ ಪಕ್ಕ ನಿಂತೆ.

"ಯಜಮಾನ್ರೇ, ಅವ್ರಿಗೆ ಜಾಗ ಹೇಳಿದೋಳು ನಾನೇ" ಎಂದೆ. "ನಿಮಗೆ ಹೇಳಬೇಕಿತ್ತು, ಹೇಳಲಿಲ್ಲ. ಈಗ ಹೇಳ್ತಿದ್ದೀನಿ. ಅವ್ರು ಮನೆ ಬಿಟ್ಟು ಹೊರಟಿದ್ದಾರೆ. ಬೇಡ ಅಂದ್ರೆ ಈಗಲೇ ಫೋನ್ ಮಾಡಿ, ನಿಮ್ಮಣ್ಣ ಒಲ್ಲೆ ಅಂದ್ರು, ಹಿಂದಕ್ಕೆ ಹೋಗಿ ಅಂತೀನಿ. ಅಷ್ಟು ದೂರ ಬಂದ ಮೇಲೆ ಅವಮಾನ ಮಾಡೋದು ಬೇಡ. ನೀವೇ ಹೇಳಿ, ಮಾಡ್ಲಾ?"

ಫೋನು ತೆಗೆದು ಕೈಯಲ್ಲಿ ಹಿಡಿದೆ. ಯಜಮಾನರು ನೀರನ್ನೇ ನೋಡುತ್ತಿದ್ದರು. ಒಂದು ದೋಣಿ ಗುಡುಗುಡು ಸದ್ದು ಮಾಡುತ್ತ ದಾಟಿ ಹೋಯಿತು.

"ಪಾಲು ಕೇಳಿದ್ದಕ್ಕಲ್ಲ ಮೇಡಂ" ಎಂದರು ಕೊನೆಗೆ. "ಕೇಳೋ ಹಕ್ಕು ಐತೆ, ಕೇಳಿದ್ಲು. ನನ್ನ ಹತ್ರ ಬಂದು ಕೇಳ್ಬೋದಿತ್ತು. ಊರಿನ ಹಿರಿಯರ ಕೈಲಿ ಹೇಳಿ ಕಳಿಸಿದ್ಲು. ನಾನೇನು ಇಲ್ಲ ಅಂತಿದ್ನಾ? ಹೊರಗಿನೋರ ಕೈಲಿ ಕೇಳಿಸ್ಕೊಳ್ಳೋ ಅಂಥೋನಾಗ್ಬುಟ್ನಾ ನಾನು?"

"ಈಗ ಯಾರ ಕೈಲೂ ಹೇಳಿ ಕಳಿಸ್ತಿಲ್ಲ. ಅವ್ರೇ ಬರ್ತಿದ್ದಾರೆ."

ಅವರು ಫೋನು ಮಾಡು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ತಿರುಗಿ ಸಂದಿಯೊಳಗೆ ದಾಪುಗಾಲು ಹಾಕಿ ಅಂಗಡಿಗೆ ಹೋದರು. ನಾನು ಹಿಂದೆ ಓಡಿದೆ. ಚೀಲದೊಳಗಿನ ಹೋಳೊಂದನ್ನು ಎತ್ತಿ ಮೂಸಿ ನೋಡಿ ಹೆಂಡತಿಯ ಮೇಲೆ ರೇಗಿದರು.

"ಇದೇನೇ ಇದು? ಹೊಗೆ ಹಾಕಿ ಒಣಗಿಸಿದ್ದು. ಗಾಣಕ್ಕೆ ಹೋಗೋ ಮಾಲು. ಇದನ್ನ ಮಡಿಲಿಗೆ ಹಾಕ್ತಾರೇನೇ? ನಮ್ಮನೆ ಹೆಣ್ಣುಮಗಳ ಮಡಿಲಿಗೆ?"

ಅಕ್ಕ ಸ್ಟೂಲಿನಿಂದ ಎದ್ದು ನಿಂತರು.

ಯಜಮಾನರಿಗೆ ಮಲಯಾಳ ಬರುವುದಿಲ್ಲ, ಅಂಗಡಿಯವನಿಗೆ ಕನ್ನಡ ಬರುವುದಿಲ್ಲ. ಇವರು ಎರಡೂ ಕೈಯಲ್ಲಿ ದುಂಡಗೆ ತೋರಿಸಿ, ಕಿವಿಯ ಹತ್ತಿರ ಅಲ್ಲಾಡಿಸುವಂತೆ ಮಾಡಿದರು. ಅವನಿಗೆ ಅರ್ಥವಾಯಿತು. ಒಳಗೆ ಹೋಗಿ ಒಂದು ಸಣ್ಣ ಚೀಲ ಎಳೆದು ತಂದ. ಅದರಲ್ಲಿ ಒಡೆಯದ ಇಡೀ ಉಂಡೆ ಕೊಬ್ಬರಿ ಇತ್ತು, ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟು ನಿಧಾನವಾಗಿ ಒಣಗಿಸಿದರೆ ಮಾತ್ರ ಸಿಗುವಂಥದು. ಯಜಮಾನರು ಒಂದನ್ನು ಬೆಳಕಿಗೆ ಹಿಡಿದರು, ಉಗುರಿನಿಂದ ಸಿಪ್ಪೆ ಕೆರೆದರು, ಬೆರಳಿನಿಂದ ತಟ್ಟಿ ಕೇಳಿದರು.

"ಅರಸೀಕೆರೆ ಕಡೇದು" ಎಂದರು. "ಆಗ್ಲಿ. ನಡೀತದೆ."

ಆ ಸ್ಥಿತಿಯಲ್ಲೂ ತಿಪಟೂರಿನದಲ್ಲ ಎಂದು ಒಂದು ಕೊಂಕು! ನನಗೆ ಅಳು ನಗು ಒಟ್ಟಿಗೆ ಬಂತು. ಅವರು ಚೀಲದ ಮುಂದೆ ಕುಕ್ಕರಗಾಲಿನಲ್ಲಿ ಕೂತು ಒಂದೊಂದನ್ನೂ ತಟ್ಟಿ, ಮೂಸಿ, ಪಕ್ಕಕ್ಕಿಟ್ಟು ಆರಿಸಿದರು. ಹೊತ್ತಾಯಿತು ಎಂದು ಹೇಳಲು ನನಗೆ ಧೈರ್ಯ ಬರಲಿಲ್ಲ.

ಬಲೆಗಳ ತೀರ ಮುಟ್ಟುವಾಗ ಸೂರ್ಯ ನೀರಿಗೆ ತಾಗಿದ್ದ. ನಮ್ಮವರು ಐದು ನಿಮಿಷ ಫೋಟೊ ತೆಗೆಸಿಕೊಂಡು, ಬಲೆಯ ಉದ್ದನೆಯ ಮರದ ತೊಲೆಗಳು ತೆಂಗಿನದೋ ತೇಗದದೋ ಎಂದು ವಾದ ಮಾಡುತ್ತ ನಿಂತರು. ಚಹಾ ಅಂಗಡಿಯ ಮುಂದೆ ತಂಗಿ ಇರಲಿಲ್ಲ. ಅಕ್ಕನ ಫೋನು ಬಡಿದುಕೊಂಡಿತು. ಎರ್ನಾಕುಳಂ ಕಡೆಯಿಂದ ಬರುವ ಸೇತುವೆಯ ಮೇಲೆ ಗಾಡಿಗಳು ಸಾಲುಗಟ್ಟಿ ನಿಂತಿವೆ, ಆಟೊ ಅಲ್ಲಾಡುತ್ತಿಲ್ಲ ಎಂದು ಅತ್ತ ಕಡೆ ಅವಳು ಅಳುತ್ತಿದ್ದಳು.

ನಾನು ಫೋನು ಕಿತ್ತುಕೊಂಡೆ. ಅವಳು ಇಲ್ಲಿಯವರೆಗೆ ಬರಬೇಕಾದರೆ ನಮ್ಮ ಬಂದರಿನ ದ್ವೀಪವನ್ನು ದಾಟಿಯೇ ಬರಬೇಕು. ಅವಳಿಗಾಗಿ ಇಲ್ಲಿ ಕಾದರೆ ಇಡೀ ಬಸ್ಸಿಗೆ ಹಡಗು ತಪ್ಪಬಹುದು. ಬಂದರಿನ ಹತ್ತಿರವೇ ಕಾದರೆ ಅವಳಿಗೆ ಅರ್ಧ ದಾರಿ ಉಳಿಯುತ್ತದೆ, ನಮಗೆ ಹಡಗು ತಪ್ಪುವುದಿಲ್ಲ. "ನೀವು ಇಲ್ಲಿಗೆ ಬರಬೇಡಿ" ಎಂದೆ. "ಬಂದರಿನ ಗೇಟಿಗೆ ಬನ್ನಿ. ನಾವು ಅಲ್ಲಿಗೇ ಬರ್ತೀವಿ." ಚಹಾ ಲೋಟ ಹಿಡಿದವರನ್ನು ಲೋಟದ ಸಮೇತ ಎಬ್ಬಿಸುವುದೊಂದು ಬಾಕಿ, ಹಾಗೆ ಎಲ್ಲರನ್ನೂ ಬಸ್ಸಿಗೆ ತುಂಬಿದೆ.

ಅಷ್ಟು ಹೊತ್ತಿಗೆ ವಿಷಯ ಬಸ್ಸಿನ ತುಂಬ ಹರಡಿತ್ತು. ಯಾರು ಹೇಳಿದರೋ ಗೊತ್ತಿಲ್ಲ. ಹೆಂಗಸರು ತಮ್ಮ ತಮ್ಮ ಚೀಲ ಕೆದಕಲು ಶುರುಮಾಡಿದರು. ತುರುವೇಕೆರೆಯ ಅಂಗಡಿಯವರೊಬ್ಬರು ಅರಿಶಿನ ಕುಂಕುಮದ ಭರಣಿ ತೆಗೆದರು. ಇನ್ನೊಬ್ಬರು ಬಜಾರಿನಲ್ಲಿ ತಮಗೆಂದು ಕೊಂಡ ಗಾಜಿನ ಬಳೆ ಕೊಟ್ಟರು. ಎಲೆ ಅಡಿಕೆ ಸಂಪಿಗೆಯವರ ಜೇಬಿನಿಂದ ಬಂತು. ಯಜಮಾನರು ಮುಂದಿನ ಸೀಟಿನಲ್ಲಿ ಕೊಬ್ಬರಿಯ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು, ತಿರುಗಿ ನೋಡಲಿಲ್ಲ.

ಬಂದರಿನ ಗೇಟಿನ ಹೊರಗೆ ಒಂದು ದೊಡ್ಡ ಮಳೆಮರವಿದೆ. ಅದರ ಕೆಳಗೆ ಬಸ್ಸು ನಿಲ್ಲಿಸಿ ಎಲ್ಲರಿಗೂ ಒಳಗೆ ಹೋಗಿ ಎಂದೆ. ಗಂಡಸರು ಒಬ್ಬೊಬ್ಬರಾಗಿ ಕಾರ್ಡು ತೋರಿಸಿ ಹೋದರು. ಹೆಂಗಸರು ಒಬ್ಬರೂ ಕದಲಲಿಲ್ಲ. ಸಂಪಿಗೆಯವರೂ ನಿಂತೇ ಇದ್ದರು.

"ನೀವು ಹೋಗಿ" ಎಂದೆ.

"ಜೋಡಿ ಬುಟ್ಟು ಹೋಗ್ಬಾರ್ದು ಅಂತ ನೀವೇ ಹೇಳಿದ್ದು ಕಣ್ರೀ" ಎಂದು ಯಜಮಾನರ ಪಕ್ಕಕ್ಕೆ ಅಂಟಿಕೊಂಡು ನಿಂತರು.

ಕಾದು ಕಾದು ಎಂಟು ಗಂಟೆ ದಾಟಿತು. ಗೇಟಿನ ಕಾವಲುಗಾರ ತನ್ನ ಗಡಿಯಾರ ತೋರಿಸಿದ. ನಾನು ರಸ್ತೆ ನೋಡಿದೆ. ಒಂದು ಆಟೊ ಬಂತು, ನಿಲ್ಲಲಿಲ್ಲ. ಇನ್ನೊಂದು ಬಂತು, ಅದರಿಂದ ಬೇರೆ ಯಾರೋ ಇಳಿದರು. ಇನ್ನು ಸ್ವಲ್ಪ ತಡವಾದರೂ ಯಜಮಾನರನ್ನು ನಾನೇ ಕೈಹಿಡಿದು ಒಳಗೆ ನಡೆಸಬೇಕಾಗುತ್ತಿತ್ತು. ಅಷ್ಟರಲ್ಲಿ ಸೇತುವೆಯ ಕಡೆಯಿಂದ ಒಂದು ಆಟೊ ಬಂದು ಮರದ ಕೆಳಗೆ ನಿಂತಿತು. ರೇಷ್ಮೆ ಸೀರೆ ಉಟ್ಟ ಹೆಂಗಸೊಬ್ಬಳು ಇಳಿದಳು. ಅಣ್ಣನ ಮೂಗು, ಅಣ್ಣನ ಗಲ್ಲ. ಯಾರೂ ಗುರುತು ಹೇಳಬೇಕಾಗಿರಲಿಲ್ಲ.

ಅಣ್ಣ ತಂಗಿ ಎದುರು ಬದುರು ನಿಂತರು. ಅಕ್ಕ ಸುಮ್ಮನೆ ನಾದಿನಿಯ ಭುಜ ಹಿಡಿದು ಪೂರ್ವಕ್ಕೆ ಮುಖ ಮಾಡಿ ಬಸ್ಸಿನ ಮೆಟ್ಟಿಲ ಮೇಲೆ ಕೂರಿಸಿದರು. ಅರಿಶಿನ ಕುಂಕುಮ ಹಚ್ಚಿದರು, ಬಳೆ ತೊಡಿಸಿದರು. ಸೆರಗು ಹಿಡಿಯಲು ಹೇಳಿ ಅಕ್ಕಿ ಹಾಕಿದರು, ಎಲೆ ಅಡಿಕೆ, ರವಿಕೆ ಕಣ ಇಟ್ಟರು. ಆಮೇಲೆ ಕೈ ಚಾಚಿ ಗಂಡನ ಕಡೆ ನೋಡಿದರು. ಯಜಮಾನರು ಪೊಟ್ಟಣ ಬಿಚ್ಚಿದರು. ಆದರೆ ಹೆಂಡತಿಯ ಕೈಗೆ ಕೊಡಲಿಲ್ಲ. ಬಗ್ಗಿ ತಾವೇ ಎರಡು ಉಂಡೆ ಕೊಬ್ಬರಿಯನ್ನು ತಂಗಿಯ ಸೆರಗಿನೊಳಗೆ ಇಟ್ಟರು. ಗಂಡಸರು ಮಡಿಲು ತುಂಬುವ ಪದ್ಧತಿ ನಮ್ಮಲ್ಲಿಲ್ಲ. ಆದರೂ ಯಾರೂ ತಡೆಯಲಿಲ್ಲ.

ತಂಗಿ ಸೆರಗು ಬಿಗಿಯಾಗಿ ಹಿಡಿದುಕೊಂಡು ತಲೆ ಎತ್ತಿದಳು. ಹೇಗಿದ್ದೀಯ ಎಂದು ಕೇಳಲಿಲ್ಲ.

"ನನ್ನ ಮರ ಹೆಂಗವೆ ಅಣ್ಣ?" ಎಂದಳು.

"ಬಾವಿ ಕಡೆ ಸಾಲಿಗೆ ಹೋದ ಬೇಸ್ಗೇಲಿ ಕಪ್ಪು ತಲೆ ಹುಳ ಬಿದ್ದಿತ್ತು. ಗರಿ ಕೊಯ್ಸಿ ಸುಡಿಸ್ದೆ. ಈಗ ಹೊಸ ಗರಿ ಬಂದವೆ. ಬದೀನಲ್ಲಿ ಒಂದಕ್ಕೆ ಸಿಡ್ಲು ಬಡೀತು. ಆ ಗುಂಡೀಲಿ ಸಸಿ ಇಟ್ಟಿವ್ನಿ, ನಾಲ್ಕು ಸುಳಿ ಬುಟ್ಟೈತೆ."

"ಅಪ್ಪ ಒರಗಿ ಕೂತ್ಕೊಳ್ತಿದ್ದ ಮರ?"

"ಅದಕ್ಕೇನು, ಕಲ್ಲುಗುಂಡು. ಎಲ್ಲಕ್ಕಿಂತ ಅದೇ ಮುಂದು."

"ನೀರು?"

"ಬುಡ್ತೀನಲ್ಲ. ಒಂದು ವಾರಾನೂ ತಪ್ಪಿಸಿಲ್ಲ ಕಣೇ."

ಅವರು ಮರ ಮರವಾಗಿ ಹೇಳುತ್ತ ಹೋದರು, ಅವಳು ಮರ ಮರವಾಗಿ ಕೇಳುತ್ತ ಹೋದಳು. ಅವಳು ಪ್ರತಿಸಲ ನನ್ನ ಮರ ಎನ್ನುತ್ತಿದ್ದಳು, ಅವರು ಪ್ರತಿಸಲ ಆ ಸಾಲು ಎನ್ನುತ್ತಿದ್ದರು. ಕಾವಲುಗಾರ ಶಿಳ್ಳೆ ಊದಿದ. ನಾನು ಹೆಂಗಸರನ್ನು ಕೋಳಿಮರಿ ಅಟ್ಟುವ ಹಾಗೆ ಗೇಟಿನೊಳಗೆ ಅಟ್ಟಿದೆ. ತಂಗಿ ಚೀಲದಿಂದ ಪತ್ರಿಕೆ ತೆಗೆದು ಅಣ್ಣನ ಎರಡೂ ಕೈಗೆ ಕೊಟ್ಟು ಕಾಲಿಗೆರಗಿದಳು. ಮದುವೆಗೆ ಬಾ ಎಂದು ಬಾಯಿ ಬಿಟ್ಟು ಕರೆಯಲು ಅವಳಿಗೆ ಆಗಲಿಲ್ಲ. ಎದ್ದು ಅಣ್ಣನ ಕಿವಿಯ ಹತ್ತಿರ ಏನೋ ಹೇಳಿದಳು. ಯಜಮಾನರು ಅವಳ ತಲೆಯ ಮೇಲೆ ಕೈಯಿಟ್ಟು, ಪತ್ರಿಕೆಯನ್ನು ಅಂಗಿಯೊಳಗೆ ಎದೆಗೆ ಸೇರಿಸಿಕೊಂಡು ಒಳಗೆ ನಡೆದರು. ಬರುತ್ತೇನೆ ಎಂದಾಗಲಿ ಬರುವುದಿಲ್ಲ ಎಂದಾಗಲಿ ಹೇಳಲಿಲ್ಲ.

ಗ್ಯಾಂಗ್‌ವೇಯಲ್ಲಿ ಎಲ್ಲರ ಕಾರ್ಡೂ ಒಂದೊಂದಾಗಿ ಕೀಚೆಂದಿತು. ಕೊನೆಯದು ನನ್ನದು. ಹಡಗು ಕಟ್ಟೆ ಬಿಡುವಾಗ ಡೆಕ್ಕಿಗೆ ಹೋದೆ. ಯಜಮಾನರು ಕಂಬಿ ಹಿಡಿದು ನಿಂತಿದ್ದರು, ಪಕ್ಕದಲ್ಲಿ ಅಕ್ಕ. ನನಗೆ ತಡೆಯಲಾಗಲಿಲ್ಲ.

"ಮದುವೆಗೆ ಹೋಗ್ತೀರಾ ಯಜಮಾನ್ರೇ?" ಎಂದು ಕೇಳೇಬಿಟ್ಟೆ.

"ಚಪ್ಪರಕ್ಕೆ ಊರಿಂದ ಆ ಸಾಲಿನ ಗರೀನೇ ತರಬೇಕಂತೆ" ಎಂದರು ಯಜಮಾನರು. "ಈ ಕೊಚ್ಚೀಲಿ ತೆಂಗಿನ ಗರಿಗೆ ಬರಾನಾ, ನೀವೇ ಹೇಳಿ. ಅಲ್ಲಿಂದ ಇಲ್ಲೀಗಂಟ ಲಾರೀಲಿ ಗರಿ ಹೊತ್ಕೊಂಡ್ ಬಾ ಅಂತಾಳಲ್ಲ, ತಲೆ ಐತಾ ಇವಳಿಗೆ?" ಬೈಯುತ್ತಲೇ ಜೇಬಿನಿಂದ ಫೋನು ತೆಗೆದು, ತೋಟ ನೋಡಿಕೊಳ್ಳುವ ಆಳಿಗೆ ಹಚ್ಚಿದರು. ಸಿಗ್ನಲ್ಲು ಹೋಗಿಬಿಡುತ್ತದೆ ಎಂದು ಅವಸರದಲ್ಲಿ ಜೋರಾಗಿ ಕೂಗಿ ಮಾತಾಡಿದರು.

"ಲೇ, ನಾನು ಕಣ್ಲಾ. ನಾಳೆ ಗರಿ ಇಳಿಸ್ತೀಯಲ್ಲ, ಬಾವಿ ಕಡೆ ಎರಡು ಸಾಲು ಮುಟ್ಬೇಡ. ಹಾಂ? ಯಾಕೆ ಅಂದ್ರೆ? ಅದು ನಮ್ಮದಲ್ಲ ಕಣ್ಲಾ. ನನ್ನ ತಂಗಿ ತೋಟ ಅದು. ಅವಳನ್ನ ಕೇಳ್ದೆ ಅದ್ರಾಗೆ ಒಂದು ಗರೀನೂ ಮುಟ್ಟಂಗಿಲ್ಲ."